ಒಂದೇ ಗೆದ್ದಲಿನ ಎರಡು ಅಣಬೆ

ಕ್ಯಾಮೆರಾ ಅಲ್ಲಾಡುತ್ತಿದೆ, ಬೇಜಾರು ಮಾಡ್ಕೋಬೇಡಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು, ಕಾಲಿಗೆ ಉಂಬಳ. ತೀರ್ಥಹಳ್ಳಿ ಕಡೆಯ ದೊಡ್ಡಮ್ಮನ ಮನೆಗೆ ಬಂದಿದ್ದೇನೆ. ಮೊನ್ನೆ ರಾತ್ರಿ ಗುಡುಗಿದ್ದೇ ತಡ, ದೊಡ್ಡಮ್ಮ ಬುಟ್ಟಿ ಹಿಡಿದು ಹೊರಟೇಬಿಟ್ಟರು.

ಇಲ್ಲಿ ನೋಡಿ, ತೋಟದ ಅಂಚಿನಲ್ಲಿ ಹೆಗ್ಗಾಲಣಬೆ. ಇನ್ನೂ ಅರಳಿಲ್ಲ. ತಲೆಯ ಮೇಲೆ ಚೂಪಾದ ಮೊನೆ ಇದೆಯಲ್ವಾ, ಅದರಿಂದಲೇ ಮಣ್ಣು ಸೀಳಿಕೊಂಡು ಬರುವುದು. ನಾನು ಸುಮ್ನೆ ಎಳೆದೆ, ಕಾಲು ಮುರಿಯಿತು. ಅಣಬೆಯದು, ನನ್ನದಲ್ಲ.

"ಎಳೀಬ್ಯಾಡ ಮಾರಾಯ, ಮಣ್ಣು ಬಿಡಿಸು" ಎಂದರು ದೊಡ್ಡಮ್ಮ. ಕತ್ತಿ ತುದಿಯಿಂದ ಬಿಡಿಸುತ್ತಾ ಹೋದರೆ ಆ ಕಾಲು ಮುಗಿಯುವುದೇ ಇಲ್ಲ, ಬೇರಿನಂತೆ ಸಪೂರ ಆಗುತ್ತಾ ಇಳಿಯುತ್ತದೆ, ನನ್ನ ಒಂದು ಗೇಣು ದಾಟಿದ ಮೇಲೂ ಇತ್ತು. ಅದರ ಬುಡ ಇರುವುದು ನೆಲದೊಳಗಿನ ಗೆದ್ದಲಿನ ಗೂಡಿನಲ್ಲಿ. ಗೆದ್ದಲು ಒಣಗಿದ ಎಲೆ, ಕಟ್ಟಿಗೆ ತಿಂದು ಹಾಕಿದ ಹಿಕ್ಕೆಯನ್ನು ಸ್ಪಂಜಿನ ಹಾಗೆ ಒಟ್ಟುತ್ತದೆ, ಅದರ ಮೇಲೆ ಈ ಅಣಬೆಯ ಬೂಸಲು ಬೆಳೆಸುತ್ತದೆ, ಬೂಸಲು ಅದನ್ನೆಲ್ಲ ಕರಗಿಸಿ ವಾಪಸ್ ಗೆದ್ದಲಿಗೇ ಊಟ ಮಾಡಿಕೊಡುತ್ತದೆ. ಬೆಳೆಗಾರರು ಅವು, ಕಳ್ಳರು ನಾವು.

ಈಗ ಅಕ್ಕಿ ಅಣಬೆ. ಇದೂ ಹೆಗ್ಗಾಲಣಬೆಯ ಕುಲವೇ, ಗೆದ್ದಲು ಬೆಳೆಸುವ ಅಣಬೆಗಳ ಆ ಕುಲಕ್ಕೆ ಟರ್ಮಿಟೋಮೈಸಿಸ್ ಅಂತ ಹೆಸರು, ದಾಯಾದಿ ಅನ್ನಿ. ಆದರೆ ಬೇರಿನಂಥ ಆ ಉದ್ದದ ಕಾಲು ಇಲ್ಲ. ಕೊಡೆ ನನ್ನ ಉಗುರಿನಷ್ಟು, ಜಾಸ್ತಿ ಅಂದರೆ ಎರಡು ಸೆಂಟಿಮೀಟರ್. ಸೋಮಾರಿ ಇದು! ಗೆದ್ದಲೇ ಗೂಡಿನ ಚೂರುಗಳನ್ನು ಹೊತ್ತು ತಂದು ನೆಲದ ಮೇಲೆ ಹರಡುತ್ತದೆ, ಇದು ಅಲ್ಲೇ ನೂರಾರು ಒಟ್ಟಿಗೆ ಏಳುತ್ತದೆ. ದೂರದಿಂದ ಯಾರೋ ಅಕ್ಕಿ ಚೆಲ್ಲಿದ ಹಾಗೆ.

ವಿಡಿಯೊ ನೋಡಿ ಯಾರೂ ಅಣಬೆ ಕಿತ್ತು ತಿನ್ನಬೇಡಿ, ದಯವಿಟ್ಟು. ಹುಲ್ಲಿನಲ್ಲಿ ಏಳುವ ಒಂದು ದೊಡ್ಡ ಬಿಳಿ ಅಣಬೆ ಇದೆ, ಕ್ಲೋರೋಫಿಲ್ಲಮ್ ಅಂತ. ಬಲಿತ ಮೇಲೆ ಅದರ ಕೊಡೆಯ ಅಡಿ ಹಸಿರಾಗುತ್ತದೆ, ಎಳೆಯದರಲ್ಲಿ ಬರೀ ಬಿಳಿ, ಗುರುತೇ ಸಿಗುವುದಿಲ್ಲ. ತಿಂದರೆ ವಾಂತಿ, ಭೇದಿ. ನಾನಂತೂ ದೊಡ್ಡಮ್ಮ ಹೂಂ ಅನ್ನದೆ ಬುಟ್ಟಿಗೆ ಹಾಕಲ್ಲ.

ರುಚಿಯ ವಿಷಯಕ್ಕೆ ಬಂದರೆ, ಹೆಗ್ಗಾಲಣಬೆ ಸಾರಿಗೆ ಸರಿ, ಹಲ್ಲಿಗೆ ಸಿಗುತ್ತದೆ. ನನ್ನ ಓಟು ಅಕ್ಕಿ ಅಣಬೆ ಪಲ್ಯಕ್ಕೆ, ಜೊತೆಗೆ ಬಿಸಿ ಅಕ್ಕಿ ರೊಟ್ಟಿ. ಕಷ್ಟ ಏನೆಂದರೆ ಒಂದೊಂದರ ಬುಡದಲ್ಲೂ ಮಣ್ಣು. ಒಂದೂವರೆ ಗಂಟೆ ಕೂತು ಚಿವುಟಿದೆ, ಐದು ನೀರಿನಲ್ಲಿ ತೊಳೆದೆ. ಬಾಣಲೆಗೆ ಹಾಕಿದಾಗ ಬುಟ್ಟಿ ತುಂಬ ಇದ್ದದ್ದು ಎರಡು ಹಿಡಿ ಆಯಿತು.

"ತಿನ್ನು, ಆದ್ರೆ ಆ ಜಾಗ ಮಾತ್ರ ಮೊಬೈಲಲ್ಲಿ ತೋರಿಸಬ್ಯಾಡ" ಎಂದರು ದೊಡ್ಡಮ್ಮ. ಹಿಂದಿನ ಮರಗಳನ್ನೆಲ್ಲ ಮಸುಕು ಮಾಡಿದ್ದು ಅದಕ್ಕೇ.