ಎಂಟನೇ ಇನ್ನಿಂಗ್ಸಿನ ಹೊಣೆ ಯಾರಿಗೆ?

ನಮಸ್ಕಾರ, ಕೇಳುಗರೇ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್ ಮೈದಾನದಲ್ಲಿ ಮೊದಲು ವಿಚಿತ್ರವಾಗಿ ಕಾಣುವವರು ಮ್ಯಾನೇಜರ್. ಐವತ್ತೋ ಅರವತ್ತೋ ದಾಟಿದ ಹಿರಿಯರು ಆಟಗಾರರಂತೆಯೇ ಸಮವಸ್ತ್ರ ತೊಟ್ಟು ಡಗ್‌ಔಟ್‌ನಲ್ಲಿ ಕೂತಿರುತ್ತಾರೆ. ನಮ್ಮಲ್ಲಿ ಬೌಲರ್ ಬದಲಿಸುವುದು ನಾಯಕನ ಕೆಲಸ. ರಾಹುಲ್ ದ್ರಾವಿಡ್ ಕೋಚ್ ಆಗಿದ್ದಾಗಲೂ ಚೆಂಡು ಯಾರ ಕೈಗೆ ಎಂಬುದನ್ನು ಮೈದಾನದಲ್ಲಿ ನಿರ್ಧರಿಸುತ್ತಿದ್ದವರು ರೋಹಿತ್ ಶರ್ಮ. ಬೇಸ್‌ಬಾಲ್‌ನಲ್ಲಿ ಆ ಹೊಣೆ ಪೂರ್ತಿ ಮ್ಯಾನೇಜರ್ ಹೆಗಲ ಮೇಲೆ. ಒಮ್ಮೆ ಹೊರಗೆ ಕರೆಸಿಕೊಂಡ ಪಿಚರ್, ಅಂದರೆ ಚೆಂಡು ಎಸೆಯುವವರು, ಮತ್ತೆ ಆ ಪಂದ್ಯಕ್ಕೆ ಮರಳುವಂತಿಲ್ಲ. ಇಂಥ ತೀರ್ಮಾನಗಳನ್ನು ವರ್ಷಕ್ಕೆ 162 ಪಂದ್ಯಗಳಲ್ಲಿ ತೆಗೆದುಕೊಳ್ಳಬೇಕು. ಅದಾದ ಮೇಲೆ ಪ್ಲೇಆಫ್.

ಹಾಗಾದರೆ ಇಂಥವರನ್ನು ಆರಿಸುವುದು ಹೇಗೆ? ಬಾಸ್ಟನ್ ರೆಡ್ ಸಾಕ್ಸ್ ತಂಡ ಒಮ್ಮೆ ಚೆನ್ನಾಗಿ ಆರಿಸಿತು, ಎಂಟು ವರ್ಷದ ಬಳಿಕ ಕೆಟ್ಟದಾಗಿ ಆರಿಸಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

2003ರ ಅಕ್ಟೋಬರ್ 16, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಮೇಜರ್ ಲೀಗ್ ಎಂಬ ಅಗ್ರ ಕೂಟದ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್ ಪಟ್ಟಕ್ಕೆ ಏಳನೇ, ಕೊನೆಯ ಪಂದ್ಯ. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಸ್ಕೋರು ಸಮವಾದರೆ ಇನ್ನೂ ಮುಂದಕ್ಕೆ. ಎಂಟನೇ ಇನ್ನಿಂಗ್ಸಿನಲ್ಲಿ ಬಾಸ್ಟನ್ 5-2ರಿಂದ ಮುಂದಿತ್ತು. ಪಿಚರ್ ಪೆಡ್ರೊ ಮಾರ್ಟಿನೆಜ್ ಆಗಲೇ ನೂರಕ್ಕೂ ಹೆಚ್ಚು ಎಸೆತ ಎಸೆದಿದ್ದರು. ನೂರು ದಾಟಿದರೆ ಅವರ ಮೊನಚು ಇಳಿಯುತ್ತದೆ ಎಂದು ತಂಡದ ಅಂಕಿಅಂಶಗಳು ಹೇಳುತ್ತಿದ್ದವು. ಒಂದು ರನ್ ಹೋಯಿತು. ಮ್ಯಾನೇಜರ್ ಗ್ರೇಡಿ ಲಿಟಲ್ ಮೈದಾನಕ್ಕೆ ನಡೆದುಹೋಗಿ ಪೆಡ್ರೊ ಜೊತೆ ಮಾತಾಡಿದರು, ಅವರನ್ನು ಅಲ್ಲೇ ಬಿಟ್ಟು ವಾಪಸ್ ಬಂದರು. ಸ್ವಲ್ಪ ಹೊತ್ತಿನಲ್ಲೇ ಸ್ಕೋರು 5-5. ಹನ್ನೊಂದನೇ ಇನ್ನಿಂಗ್ಸಿನಲ್ಲಿ ಯಾಂಕೀಸ್‌ನ ಆರನ್ ಬೂನ್ ನಮ್ಮ ಸಿಕ್ಸರಿನಂಥ ಹೋಂ ರನ್ ಹೊಡೆದರು; ಬಾಸ್ಟನ್ ಮನೆಗೆ ಹೋಯಿತು. ಆ ತಿಂಗಳು ಮುಗಿಯುವ ಮೊದಲೇ ಲಿಟಲ್ ಅವರ ಗುತ್ತಿಗೆಯನ್ನು ಮುಂದುವರಿಸುವುದಿಲ್ಲ ಎಂದು ತಂಡ ಸಾರಿತು. ಆ ವರ್ಷ 95, ಹಿಂದಿನ ವರ್ಷ 93 ಪಂದ್ಯ ಗೆಲ್ಲಿಸಿಕೊಟ್ಟ ಮನುಷ್ಯ ಅವರು.

ಬದಲಿ ಹುಡುಕುವ ಕೆಲಸ ತಂಡ ಕಟ್ಟುವ ಅಧಿಕಾರಿಯಾದ ಜನರಲ್ ಮ್ಯಾನೇಜರ್ ಥಿಯೊ ಎಪ್‌ಸ್ಟೈನ್ ಅವರದು. ವಯಸ್ಸು ಮೂವತ್ತೂ ತುಂಬಿರಲಿಲ್ಲ. ಸಂದರ್ಶನಕ್ಕೆ ಬಂದವರು ಟೆರಿ ಫ್ರಾಂಕೋನ, ಜೋ ಮ್ಯಾಡನ್, ಡಿಮಾರ್ಲೊ ಹೇಲ್, ಗ್ಲೆನ್ ಹಾಫ್‌ಮನ್. ನಿಮ್ಮ ದೌರ್ಬಲ್ಯ ಏನು, ಶಕ್ತಿ ಏನು ಎಂಬ ಸವಕಲು ಪ್ರಶ್ನೆಗಳಷ್ಟೇ ಅಲ್ಲಿರಲಿಲ್ಲ. ಪಂದ್ಯದ ಸನ್ನಿವೇಶಗಳನ್ನು ಮುಂದಿಟ್ಟು ಈಗ ಏನು ಮಾಡುತ್ತೀರಿ, ಯಾಕೆ ಎಂದು ಕೆದಕಿದರು. ಪತ್ರಕರ್ತರ ಮುಂದೆಯೂ ಕೂರಿಸಿದರು. ಬಾಸ್ಟನ್ನಿನ ಕ್ರೀಡಾ ಪತ್ರಕರ್ತರನ್ನು ನಿಭಾಯಿಸುವುದೂ ಆ ಹುದ್ದೆಯ ಅರ್ಧ ಕೆಲಸವೇ ಅನ್ನಿ.

ಆಯ್ಕೆಯಾದವರು ಫ್ರಾಂಕೋನ. ಅವರ ಹಳೆಯ ಲೆಕ್ಕ ನೋಡಿದ್ದರೆ ಯಾರೂ ಕೆಲಸ ಕೊಡುತ್ತಿರಲಿಲ್ಲ: ಫಿಲಡೆಲ್ಫಿಯಾದಲ್ಲಿ 1997ರಿಂದ 2000ದವರೆಗೆ 285 ಗೆಲುವು, 363 ಸೋಲು. ಆಗಷ್ಟೇ ಬಾಸ್ಟನ್ ಸೇರಿದ್ದ ಪಿಚರ್ ಕರ್ಟ್ ಷಿಲಿಂಗ್ ಅವರಿಗೆ ಆಪ್ತರು, ಅದಕ್ಕೇ ಸಿಕ್ಕಿತು ಎಂದು ಆಡಿಕೊಂಡವರಿದ್ದರು. ಮರುವರ್ಷ ಅದೇ ಯಾಂಕೀಸ್ ಎದುರು ಬಾಸ್ಟನ್ 0-3ರಿಂದ ಹಿಂದೆ ಬಿದ್ದು ನಾಲ್ಕೂ ಪಂದ್ಯ ಗೆದ್ದಿತು. ಮೇಜರ್ ಲೀಗ್‌ನಲ್ಲಿ ಹಾಗೆ ಅದುವರೆಗೆ ಯಾರೂ ಗೆದ್ದಿರಲಿಲ್ಲ. ಆಮೇಲೆ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಕೂಡ ಗೆದ್ದಿತು, 86 ವರ್ಷಗಳ ನಂತರ. 2007ರಲ್ಲಿ ಇನ್ನೊಮ್ಮೆ.

ಇಲ್ಲೊಂದು ಮಾತು. ಕಪ್ಪು ಜನಾಂಗದ ಹೇಲ್ ಅವರಂಥ ಅಭ್ಯರ್ಥಿಗಳನ್ನೂ ಪರಿಗಣಿಸಬೇಕೆಂದು ಮೇಜರ್ ಲೀಗ್‌ನ ಆಗಿನ ಮುಖ್ಯಸ್ಥ, ಕಮಿಷನರ್ ಬಡ್ ಸೆಲಿಗ್ 1999ರಲ್ಲೇ ತಂಡಗಳಿಗೆ ಸೂಚಿಸಿದ್ದರು. ಹೇಲ್ ಮುಂದೆಯೂ ಸಂದರ್ಶನಗಳಿಗೆ ಹೋದರು. 2021ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಫ್ರಾಂಕೋನ ಅನಾರೋಗ್ಯದಿಂದ ರಜೆ ಹಾಕಿದಾಗ ತಂಡ ನಡೆಸಿದ್ದು ಅವರೇ, ಹಂಗಾಮಿಯಾಗಿ. ಕರೆದು ಕೂರಿಸಿ ಕೇಳುವುದು ಸುಲಭ, ಕೆಲಸ ಕೊಡುವುದೇ ಕಷ್ಟ.

ಈಗ 2011. ಸೆಪ್ಟೆಂಬರ್ ತಿಂಗಳಲ್ಲಿ ಬಾಸ್ಟನ್ 7 ಗೆದ್ದು 20 ಸೋತು, ಕೊನೆಯ ದಿನ ಪ್ಲೇಆಫ್ ಸ್ಥಾನ ಕಳೆದುಕೊಂಡಿತು. ಪಂದ್ಯ ನಡೆಯುತ್ತಿರುವಾಗಲೇ ಕೆಲವು ಪಿಚರ್‌ಗಳು ಒಳಗೆ ಕೂತು ಬಿಯರ್ ಕುಡಿದು ಕೋಳಿ ತಿನ್ನುತ್ತಿದ್ದರೆಂಬ ಸುದ್ದಿ ಹೊರಬಿತ್ತು. ಫ್ರಾಂಕೋನ ಹೋದರು. ಎಪ್‌ಸ್ಟೈನ್ ಷಿಕಾಗೊ ಕಬ್ಸ್ ಸೇರಿದರು. ಮಾಲೀಕರಿಗೆ ಈ ಸಲ ಬೇಕಾಗಿದ್ದು ಬಿಗಿ ಮನುಷ್ಯ. ಬಾಬಿ ವ್ಯಾಲೆಂಟೈನ್ ಬಂದರು. ಸೀಸನ್ ಶುರುವಾದ ಏಪ್ರಿಲ್‌ನಲ್ಲೇ ಕೆವಿನ್ ಯೂಕಿಲಿಸ್ ಎಂಬ ಹಿರಿಯ ಆಟಗಾರನ ಉತ್ಸಾಹವನ್ನು ಟಿವಿಯಲ್ಲಿ ಪ್ರಶ್ನಿಸಿ ಮನೆಯೊಳಗೆ ಜಗಳ ತಂದುಕೊಂಡರು. 69 ಗೆಲುವು, 93 ಸೋಲು, ಗುಂಪಿನಲ್ಲಿ ಕೊನೆಯ ಸ್ಥಾನ. ಸೀಸನ್ ಮುಗಿದ ಮಾರನೇ ದಿನವೇ ಕೆಲಸ ಹೋಯಿತು.

ಎರಡೂ ಸಲ ಹಳಬರ ತಪ್ಪಿನಿಂದಲೇ ಹುಡುಕಾಟ ಶುರುವಾಗಿತ್ತು. ಆದರೆ 2003ರಲ್ಲಿ ಹಳಬರು ಎಡವಿದ ತೀರ್ಮಾನ ಯಾವುದು ಎಂದು ಗುರುತಿಸಿ, ಹೊಸಬರನ್ನು ಅದರಲ್ಲೇ ಪರೀಕ್ಷಿಸಿದರು. 2011ರಲ್ಲಿ ಹಳಬರ ಸ್ವಭಾವ ನೋಡಿ, ಅದಕ್ಕೆ ತದ್ವಿರುದ್ಧವಾದ ಸ್ವಭಾವ ಹುಡುಕಿದರು. ಸಡಿಲ ಬೇಡ, ಬಿಗಿ ಇರಲಿ. ಇಷ್ಟು ಸರಳವಾಗಿ ಯೋಚಿಸಿದ್ದು ಅಷ್ಟು ದೊಡ್ಡ ಸಂಸ್ಥೆ ಎಂಬುದು ನನಗೆ ಇವತ್ತಿಗೂ ಸೋಜಿಗ.

ಆಮೇಲೆ ಟೊರಾಂಟೊದಲ್ಲಿ ಮ್ಯಾನೇಜರ್ ಆಗಿದ್ದ ಜಾನ್ ಫ್ಯಾರೆಲ್ ಬೇಕೆಂದು, ಒಬ್ಬ ಆಟಗಾರನನ್ನೇ ಅಲ್ಲಿಗೆ ಬಿಟ್ಟುಕೊಟ್ಟು ಅವರನ್ನು ಕರೆತಂದರು. ಫ್ರಾಂಕೋನ ಕೈಕೆಳಗೆ ಪಿಚಿಂಗ್ ಕೋಚ್ ಆಗಿದ್ದವರು. 2013ರಲ್ಲಿ ಮತ್ತೆ ವರ್ಲ್ಡ್ ಸೀರೀಸ್ ಗೆದ್ದರು.

2003ರಲ್ಲಿ ಕೆಲಸ ಸಿಗದ ಮ್ಯಾಡನ್ ಏನಾದರು? 2016ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಅವರು ಷಿಕಾಗೊ ಕಬ್ಸ್ ಮ್ಯಾನೇಜರ್. ನೇಮಿಸಿಕೊಂಡದ್ದು ಅದೇ ಎಪ್‌ಸ್ಟೈನ್ ಅವರ ಆಡಳಿತ. ಎದುರಿಗಿದ್ದದ್ದು ಕ್ಲೀವ್‌ಲ್ಯಾಂಡ್, ಅದರ ಮ್ಯಾನೇಜರ್ ಫ್ರಾಂಕೋನ. ಎಂಟನೇ ಇನ್ನಿಂಗ್ಸಿನಲ್ಲಿ ಕಬ್ಸ್ 6-3ರಿಂದ ಮುಂದೆ. ಹಿಂದಿನ ಪಂದ್ಯದಲ್ಲಿ ಐದು ರನ್ ಮುನ್ನಡೆ ಇದ್ದಾಗಲೂ ಬಳಸಿ ದಣಿಸಿದ್ದ ಪಿಚರ್ ಅರೋಲ್ಡಿಸ್ ಚಾಪ್‌ಮನ್ ಅವರನ್ನೇ ಮ್ಯಾಡನ್ ಮತ್ತೆ ಕರೆದರು. ರಜಾಯ್ ಡೇವಿಸ್ ಹೋಂ ರನ್ ಹೊಡೆದು ಸ್ಕೋರು 6-6 ಮಾಡಿದರು.

ಪಂದ್ಯ ಹತ್ತನೇ ಇನ್ನಿಂಗ್ಸಿಗೆ ಹೋಗಿ ಕಬ್ಸ್ 8-7ರಿಂದ ಗೆದ್ದಿತು, 108 ವರ್ಷಗಳ ಬಳಿಕ. ಲಿಟಲ್ ಮಾಡಿದ್ದಕ್ಕೂ ಮ್ಯಾಡನ್ ಮಾಡಿದ್ದಕ್ಕೂ ನನ್ನ ಲೆಕ್ಕದಲ್ಲಿ ಹೆಚ್ಚು ಅಂತರವಿಲ್ಲ. ಆದರೆ ಗೆದ್ದೆತ್ತಿನ ಬಾಲ ಹಿಡಿಯುವವರೇ ಜಾಸ್ತಿ; ಷಿಕಾಗೊದ ಮೆರವಣಿಗೆಯಲ್ಲಿ ಎಂಟನೇ ಇನ್ನಿಂಗ್ಸಿನ ಲೆಕ್ಕ ಕೇಳುವವರು ಯಾರಿದ್ದಾರೆ? ಮೂರು ವರ್ಷದ ನಂತರ, 2019ರಲ್ಲಿ, ಕಬ್ಸ್ ಪ್ಲೇಆಫ್ ತಲುಪಲಿಲ್ಲ. ಮ್ಯಾಡನ್ ಗುತ್ತಿಗೆ ಮುಗಿಯಿತು, ತಂಡ ಅದನ್ನು ಮುಂದುವರಿಸಲಿಲ್ಲ. ಎಪ್‌ಸ್ಟೈನ್ ಮತ್ತೆ ಸಂದರ್ಶನಕ್ಕೆ ಕೂತರು.

ನಮಸ್ಕಾರ.