ಮಾರ್ಚಿನ ಹೇಮಾವತಿ

ಕೇಳುಗರಿಗೆ ನಮಸ್ಕಾರ.

ಗೊರೂರು ಡ್ಯಾಂ ತುಂಬಿತಾ? ಆಷಾಢ ಬಂತೆಂದರೆ ಹಾಸನದ ಟೀ ಅಂಗಡಿಗಳಲ್ಲಿ ಇದೇ ಮಾತು. ಹೇಮಾವತಿ ನದಿಗೆ ಕಟ್ಟಿದ, ಸುಮಾರು 37 ಟಿಎಂಸಿ ಹಿಡಿಯುವ ಈ ಜಲಾಶಯ ತುಂಬಿದರೆ ಎಲ್ಲರಿಗೂ ನೆಮ್ಮದಿ. ನನ್ನ ಪ್ರಶ್ನೆ ಬೇರೆ. ಮಳೆ ನಿಂತು ಎಷ್ಟೋ ತಿಂಗಳಾದ ಮೇಲೂ, ಮಾರ್ಚಿನಲ್ಲಿ, ಸಕಲೇಶಪುರದ ಸೇತುವೆ ಕೆಳಗೆ ಹೇಮಾವತಿ ಹರಿಯುತ್ತಾಳಲ್ಲ, ಆ ನೀರು ಎಲ್ಲಿಯದು?

ನೆಲ ಕುಡಿದು ಇಟ್ಟುಕೊಂಡಿದ್ದ ನೀರು ಅದು. ಗುಡ್ಡದ ಮೇಲಿನ ಶೋಲಾ ಕಾಡು, ಹುಲ್ಲುಗಾವಲು, ಕೆಳಗಿನ ಭತ್ತದ ಗದ್ದೆ ಎಲ್ಲವೂ ಅದನ್ನು ಹಿಡಿದಿಟ್ಟು ಮೆಲ್ಲಗೆ ಹಳ್ಳಕ್ಕೆ ಬಿಡುತ್ತವೆ.

ಗದ್ದೆಯನ್ನೇ ನೋಡಿ. ನಾಟಿಯಾದ ಮೇಲೆ ಬದು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸುತ್ತೇವೆ. ಒಂದಷ್ಟು ಕೆಳಗೆ ಇಂಗುತ್ತದೆ. ಅದೇ ಗದ್ದೆಗೆ ಶುಂಠಿ ಹಾಕಿದಿರಿ ಅನ್ನಿ. ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಹಾಗಾಗಿ ಏರುಮಡಿ ಮಾಡಿ, ಪಕ್ಕದಲ್ಲೇ ಆಳವಾಗಿ ಬಸಿಗಾಲುವೆ ತೆಗೆದು, ಬಿದ್ದ ಮಳೆಯನ್ನು ಅವತ್ತೇ ಹೊರಗೆ ಹಾಕಬೇಕು. ಬೆಳೆಗಾರರನ್ನು ಸುಮ್ನೆ ಬೈದು ಏನೂ ಪ್ರಯೋಜನವಿಲ್ಲ. ಭತ್ತದಲ್ಲಿ ಹಾಕಿದ ದುಡ್ಡೂ ಹುಟ್ಟುವುದಿಲ್ಲ, ಗೊತ್ತಿರೋದೇ ಅಲ್ವಾ?

ಇದರ ಜೊತೆಗೆ ಮಳೆಯ ವರಸೆಯೂ ಬದಲಾಗುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಜಾಸ್ತಿ ತೇವ ಹಿಡಿಯಬಲ್ಲದು. ಹಾಗಾಗಿ ಸುರಿದರೆ ಒಂದೇ ಸಲ ಸುರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡಗಳೇ ಜರಿದವು. 2023ರಲ್ಲಿ ನೋಡಿದರೆ ಬರ. ವಾರಗಟ್ಟಲೆ ಹಿಡಿಯುವ ಸೋನೆ ಮಳೆ ಇಂಗಿದಷ್ಟು ಈ ಧೋ ಮಳೆ ಇಂಗುವುದಿಲ್ಲ.

ಕಾಫಿಯವರ ಕಷ್ಟ ಇನ್ನೊಂದು. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ತಪ್ಪಿದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಚ್ಚಲೇಬೇಕು. ಹಳ್ಳ ಬಡವಾಗಿರುವ ಫೆಬ್ರವರಿ, ಮಾರ್ಚಿನಲ್ಲೇ ಪಂಪುಗಳೆಲ್ಲ ಹಳ್ಳಕ್ಕೆ ಇಳಿಯುತ್ತವೆ.

ಇದು ಮಲೆನಾಡಿಗಷ್ಟೇ ಸೇರಿದ ವಿಷಯ ಅಂದುಕೊಳ್ಳಬೇಡಿ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾವತಿ ಬಯಲುಸೀಮೆಯ ಹಿರಿಯೂರಿನ ವಾಣಿ ವಿಲಾಸ ಸಾಗರಕ್ಕೆ ಹೋಗುತ್ತದೆ. 1933ರಲ್ಲಿ ಕೋಡಿ ಬಿದ್ದ ಆ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ಕೇರಳ ಒಂದು ದಾರಿ ಹಿಡಿದಿದೆ. ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ 2020ರಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಲ್ಟಿ ಕೊಡಲು ಶುರುಮಾಡಿತು. ಶುಂಠಿಯ ಲಾಭದ ಮುಂದೆ ಅದು ಏನೂ ಅಲ್ಲ, ನಿಜ. ಆದರೂ ನೀರು ಇಂಗಿಸುವುದೂ ದುಡಿಮೆಯೇ ಎಂದು ಒಪ್ಪಿಕೊಂಡ ಹಾಗಾಯಿತು. ನಮ್ಮಲ್ಲೂ ಇಂಥದ್ದು ಬರುವುದಾದರೆ, ಮೊತ್ತ ಇನ್ನಷ್ಟು ದೊಡ್ಡದಿರಲಿ. ಮೂಡಿಗೆರೆ, ಸಕಲೇಶಪುರದ ಹಳ್ಳದ ಅಂಚಿನ ಗದ್ದೆಗಳಿಂದಲೇ ಶುರುವಾಗಲಿ.

ನಮಸ್ಕಾರ.