ಗಡಿಯಾಚೆ ಹೆತ್ತವರು, ಗಡಿಯೀಚೆ ಮಗು

ಅಂಗನವಾಡಿ ಕಾರ್ಯಕರ್ತೆಯರೂ ಕಾನೂನು ಓದುವ ವಿದ್ಯಾರ್ಥಿಗಳೂ ಒಂದೇ ಸಭೆಯಲ್ಲಿ ಕೂರುವುದು ದಾವಣಗೆರೆಯಲ್ಲಿ ಅಪರೂಪ. ಇಂದಿನ ವಿಷಯಕ್ಕೆ ಇಬ್ಬರೂ ಬೇಕು. ದೇಶದ ಗಡಿ ದಾಟಿದ ಸಂಸಾರಗಳ ಮಕ್ಕಳು ಎಂದೊಡನೆ ಜಿನೀವಾ, ಹೇಗ್ ಎಂಬ ಊರುಗಳ ಹೆಸರು ಬರುತ್ತದೆ; ನಾನೂ ಆ ಹೆಸರುಗಳನ್ನು ಎತ್ತಲಿದ್ದೇನೆ. ಆದರೆ ಅಂಥ ಮಗುವಿನ ಪಾಡು ಬಹುಪಾಲು ತೀರ್ಮಾನವಾಗುವುದು ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಮನೆಗೆ ಬಂದು ನೋಡಿದವರು ಬರೆದ ವರದಿ ಇಂಥವುಗಳಿಂದ ಎಂಬುದು ನನ್ನ ವಾದ.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕದನ ಶುರುವಾದಾಗ, ಅಲ್ಲಿ ಸಿಕ್ಕಿಕೊಂಡವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಇದ್ದರು, ನಮ್ಮ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ಗಿಡಮೂಲಿಕೆ, ಎಣ್ಣೆ ಮಾರಲು ಆಫ್ರಿಕಕ್ಕೆ ಹೋದವರು. ‘ಆಪರೇಷನ್ ಕಾವೇರಿ’ ಮೂಲಕ ಪೋರ್ಟ್ ಸುಡಾನಿನಿಂದ ಜೆಡ್ಡಾ, ಅಲ್ಲಿಂದ ಭಾರತ ಎಂದು ಜನರನ್ನು ಕರೆತರಲಾಯಿತು. ಟಿವಿಯವರು ವಿಮಾನ ನಿಲ್ದಾಣ ತೋರಿಸಿ ಸುಮ್ಮನಾದರು. ನನ್ನ ಪ್ರಶ್ನೆ ಬೇರೆ. ಅಪ್ಪ ಅಮ್ಮ ಇಬ್ಬರೂ ಪರದೇಶದಲ್ಲಿರುವಾಗ ಊರಿನಲ್ಲಿ ಮಗುವನ್ನು ಸಾಕುವ ಅಜ್ಜಿಗೆ ಯಾವ ಅಧಿಕಾರವಿದೆ? ಕಾನೂನಿನಂತೆ ಆಕೆ ಸಹಜ ಪೋಷಕಳಲ್ಲ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಬೇಕಾದ ದಿನ ಇದು ಗೊತ್ತಾಗುತ್ತದೆ. ಹೊರಡುವ ಮುನ್ನ ಒಂದು ಅಧಿಕಾರಪತ್ರ, ಪಾಸ್‌ಪೋರ್ಟ್‌ಗಳ ಪ್ರತಿ, ಮಗುವಿನ ಜನನ ಪ್ರಮಾಣಪತ್ರ ಅಜ್ಜಿಯ ಕೈಯಲ್ಲಿರಲಿ. ಹೆತ್ತವರ ಸುದ್ದಿಯೇ ನಿಂತುಹೋದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗಲಿ. ಅರ್ಹ ಮಕ್ಕಳಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ದೊರೆಯುತ್ತದೆ.

ಮಗು ಹೊರದೇಶದಲ್ಲೇ ಹುಟ್ಟಿದರೆ ಇನ್ನೊಂದು ತೊಡಕು. ಭಾರತೀಯ ಪೌರತ್ವ ಬೇಕಿದ್ದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು. ಗಡುವು ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ಇನ್ನು ನಮ್ಮ ಊರಿನ ಬಡಾವಣೆಗಳಾದ ಎಂ.ಸಿ.ಸಿ. ಬ್ಲಾಕ್, ವಿದ್ಯಾನಗರದ ಕಡೆ ಬರೋಣ. ಅಲ್ಲಿನ ಒಂದು ಮನೆಯ ಮಗಳು ಅಮೆರಿಕದ ವರನನ್ನು ಮದುವೆಯಾದಳು ಎಂದಿಟ್ಟುಕೊಳ್ಳಿ. ಮಗು ಅಲ್ಲೇ ಹುಟ್ಟಿತು, ಹುಟ್ಟಿದೊಡನೆ ಅಮೆರಿಕದ ಪ್ರಜೆಯಾಯಿತು. ಗಂಡನ ಹೊಡೆತ ತಾಳಲಾರದೆ ಆಕೆ ಮಗುವನ್ನು ಎತ್ತಿಕೊಂಡು ಬಂದುಬಿಟ್ಟಳು. ನಮ್ಮ ಬೀದಿಗೆ ಆಕೆ ತವರಿಗೆ ಬಂದ ಮಗಳು. ಅಲ್ಲಿನ ಕೋರ್ಟಿಗೆ ಮಗುವನ್ನು ಅಪಹರಿಸಿದವಳು.

1980ರ ಹೇಗ್ ಒಪ್ಪಂದ ಇಂಥ ಪ್ರಕರಣಗಳಿಗಾಗಿಯೇ ಇದೆ. ಹದಿನಾರು ತುಂಬದ ಮಗುವನ್ನು ಅದು ವಾಸವಿದ್ದ ದೇಶಕ್ಕೆ ಮರಳಿಸಬೇಕು, ಯಾರ ಬಳಿ ಇರಬೇಕೆಂಬುದನ್ನು ಅಲ್ಲಿನ ನ್ಯಾಯಾಲಯ ನೋಡಿಕೊಳ್ಳಲಿ ಎಂಬುದು ಅದರ ತಿರುಳು. ಮಗುವಿಗೆ ಗಂಭೀರ ಅಪಾಯವಿದ್ದರೆ ವಿನಾಯಿತಿ ಉಂಟು. ಭಾರತ ಇದಕ್ಕೆ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರ ತನ್ನ 218ನೇ ವರದಿಯಲ್ಲೇ ಹೇಳಿತ್ತು. ಹಿಂಸೆಯಿಂದ ಓಡಿಬಂದ ತಾಯಂದಿರನ್ನು ಇದು ಮತ್ತೆ ಅದೇ ಬಾಗಿಲಿಗೆ ತಳ್ಳುತ್ತದೆ ಎಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಹಿಂಜರಿಯಿತು. ಆ ಅಂಜಿಕೆ ಹುಸಿಯಲ್ಲ. ಆದರೆ ಹೆಂಡತಿಯನ್ನು ರಜೆಯ ನೆಪದಲ್ಲಿ ಅಲ್ಲಿಂದ ಕರೆತಂದು, ಅವಳ ಪಾಸ್‌ಪೋರ್ಟ್ ಕಸಿದುಕೊಂಡು, ಮಗುವನ್ನು ತನ್ನ ಅಪ್ಪ ಅಮ್ಮನ ಮನೆಯಲ್ಲಿ ಬಚ್ಚಿಡುವ ಗಂಡಂದಿರೂ ಇದ್ದಾರೆ. ಆ ತಾಯಿಗೆ ಒಪ್ಪಂದ ಇದ್ದಿದ್ದರೆ ಆಸರೆಯಾಗುತ್ತಿತ್ತು. ಮನೆಯೊಳಗಿನ ಹಿಂಸೆಯನ್ನು ಮಗುವಿಗೆ ಒದಗುವ ಅಪಾಯವೆಂದೇ ಪರಿಗಣಿಸುವ ನಮ್ಮದೇ ಕಾಯ್ದೆ ಮೊದಲು ಬರಲಿ, ಸಹಿ ಆಮೇಲೆ ಆಗಲಿ ಎನ್ನುವವನು ನಾನು. ನನ್ನ ವಕೀಲ ಮಿತ್ರರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ.

ಅಲ್ಲಿಯವರೆಗೆ ಇರುವ ಮುಖ್ಯ ದಾರಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ. ವಿದೇಶಿ ನ್ಯಾಯಾಲಯದ ಆದೇಶ ಗಮನಿಸಬೇಕಾದ ಅಂಶಗಳಲ್ಲಿ ಒಂದು ಅಷ್ಟೇ, ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹಿತವನ್ನು ತೋರಿಸಿಕೊಡಲು ಕಣ್ಣೀರು ಸಾಲದು. ಆಸ್ಪತ್ರೆಯ ಚೀಟಿ, ಶಾಲೆಯ ಹಾಜರಿ, ಗಂಡ ಕಳಿಸಿದ ಸಂದೇಶಗಳು ಬೇಕು. ಹಿರಿಯರು ಕೂತು ಮಾತನಾಡಿ ಸರಿಮಾಡುತ್ತಾರೆಂದು ತಿಂಗಳುಗಟ್ಟಲೆ ಕಾಯುವುದು ನಮ್ಮ ಕಡೆಯ ರೂಢಿ. ಮಾತುಕತೆ ನಡೆಯಲಿ, ವಕೀಲರನ್ನು ಕಾಣುವುದು ಮಾತ್ರ ಅದಕ್ಕಾಗಿ ನಿಲ್ಲಬಾರದು.

ಕೊನೆಯದಾಗಿ ಕಾರ್ಯಕರ್ತೆಯರಿಗೆ ಒಂದು ಮಾತು. ನಾರ್ವೆಯಲ್ಲಿ 2011ರಲ್ಲಿ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಮಕ್ಕಳ ಕಲ್ಯಾಣ ಇಲಾಖೆ ತನ್ನ ವಶಕ್ಕೆ ಪಡೆಯಿತು. ಮರುವರ್ಷ ಮಕ್ಕಳನ್ನು ಭಾರತದಲ್ಲಿದ್ದ ತಂದೆಯ ಸಹೋದರನಿಗೆ ಒಪ್ಪಿಸಲಾಯಿತು. 2013ರಲ್ಲಿ ಕಲ್ಕತ್ತಾ ಹೈಕೋರ್ಟ್ ಅವರನ್ನು ತಾಯಿಯ ಸುಪರ್ದಿಗೆ ಕೊಟ್ಟಿತು. ಹೀಗೆ ಬಂಧುಗಳಿಗೆ ಮಗುವನ್ನು ಕೊಡಬೇಕೆಂದರೆ ಆ ಮನೆ ಹೇಗಿದೆ ಎಂದು ಯಾರಾದರೂ ನೋಡಿ ಬರೆಯಬೇಕು. ಒಂದು ದೇಶದ ಸಮಾಜ ಕಾರ್ಯಕರ್ತರನ್ನು ಮತ್ತೊಂದು ದೇಶದವರೊಂದಿಗೆ ಬೆಸೆಯುವ ಈ ಕೆಲಸವನ್ನು ಜಿನೀವಾದ ಇಂಟರ್‌ನ್ಯಾಷನಲ್ ಸೋಷಿಯಲ್ ಸರ್ವಿಸ್ 1924ರಿಂದ ಮಾಡುತ್ತಿದೆ. ನಾಳೆ ಹರಿಹರದ ಒಂದು ಮನೆಯ ಬಗ್ಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ವರದಿ ಬರೆಯಬೇಕಾಗಿ ಬಂದರೆ ಮೊದಲು ವಿಚಾರಿಸುವುದು ನಿಮ್ಮನ್ನೇ. ಆಗ ‘ಒಳ್ಳೆಯ ಕುಟುಂಬ’ ಎಂದು ಹೇಳಿ ಮುಗಿಸಬೇಡಿ. ಮಗುವನ್ನು ಶಾಲೆಗೆ ಬಿಡುವವರು ಯಾರು, ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುವವರು ಯಾರು, ಮಗು ಆ ಮನೆಯವರ ಭಾಷೆ ಆಡುತ್ತದೆಯೇ, ಮನೆಯಲ್ಲಿ ಕುಡಿಯುವವರು ಇದ್ದಾರೆಯೇ ಎಂಬುದನ್ನು ಹೇಳಿ. ಇನ್ನು ಪ್ರಶ್ನೆಗಳನ್ನು ಕೇಳಿ. ಪೌರತ್ವದ ಗಡುವು ಮೀರಿದವರು ಯಾರಾದರೂ ಇದ್ದರೆ ಮೊದಲು ಅವರೇ ಕೇಳಲಿ.